ಇಡೀ ದಿನ ಕೌಂಟರಿನಲ್ಲಿ ಕೂರುವ ಕೆಲಸ: ಕುರ್ಚಿ ಬದಲಿಸಿದರೆ ಸಾಕಾ?

ಬದಿಯಡ್ಕದವಳು ಕೇಳಿದ್ದು:

ಕಾಸರಗೋಡು ಪೇಟೆಯಲ್ಲಿ ಚಿನ್ನದ ಮೇಲೆ ಸಾಲ ಕೊಡುವ ಒಂದು ಸಂಸ್ಥೆಯಲ್ಲಿ ನನಗೆ ಕೆಲಸ. ಈಚೆಗೆ ಕೌಂಟರ್‌ಗಳ ಉಸ್ತುವಾರಿಯನ್ನೂ ನನಗೇ ಕೊಟ್ಟಿದ್ದಾರೆ. ಕೌಂಟರಿನಲ್ಲಿ ಆರು ಜನ, ಹೆಚ್ಚಿನವರು ಹೆಂಗಸರು. ಮುಳ್ಳೇರಿಯ, ನೀರ್ಚಾಲು, ಕುಂಬಳೆ ಅಂತ ಬೇರೆ ಬೇರೆ ಕಡೆಯಿಂದ ಬಸ್ಸಿನಲ್ಲಿ ಬರುವವರು. ಅವರ ಬಗ್ಗೆಯೇ ಈ ಪ್ರಶ್ನೆ.

ಕೆಲಸ ಹೀಗೆ. ಗಿರಾಕಿ ಒಡವೆ ತರುತ್ತಾರೆ. ಅದನ್ನು ಒರೆಗಲ್ಲಿಗೆ ಉಜ್ಜಿ ನೋಡಬೇಕು, ತೂಕ ಮಾಡಬೇಕು, ಫೋಟೊ ತೆಗೆದು ಕಂಪ್ಯೂಟರಿಗೆ ಏರಿಸಬೇಕು, ವೋಚರ್ ತೆಗೆದು ಸಹಿ ಹಾಕಿಸಬೇಕು, ಪ್ಯಾಕೆಟ್ ಸೀಲ್ ಮಾಡಬೇಕು. ಕೌಂಟರ್ ಹೊಸತು ಮಾಡಿಸಿದಾಗ ಎಲ್ಲವನ್ನೂ ಕೈಗೆಟಕುವ ಹಾಗೆ ಜೋಡಿಸಿದರು. ಪ್ರತಿಯೊಬ್ಬರ ಪಕ್ಕದಲ್ಲೇ ಒಂದು ಪ್ರಿಂಟರ್. ತೂಕದ ಮೆಷಿನ್ ಬಲಗೈ ಹತ್ತಿರ. ಫಾರಂ ಬೇಕಾದರೆ ಕೆಳಗಿನ ಡ್ರಾವರಿನಲ್ಲಿದೆ. ಬೆಳಿಗ್ಗೆ ಕೂತರೆ ಊಟದ ತನಕ ಏಳಬೇಕಾಗಿಯೇ ಬರುವುದಿಲ್ಲ. ಊಟ ಆದ ಮೇಲೆ ಮತ್ತೆ ಹಾಗೆಯೇ. ಕೆಲಸ ಬೇಗ ಆಗುತ್ತದೆ, ಅದು ನಿಜ.

ಆದರೆ ಮೂರು ಗಂಟೆ ದಾಟಿದ ಮೇಲೆ ನಮ್ಮ ಕೌಂಟರನ್ನು ನೀವು ಬಂದು ನೋಡಬೇಕು. ಒಬ್ಬಳು ಸೊಂಟಕ್ಕೆ ಕೈ ಇಟ್ಟುಕೊಂಡಿರುತ್ತಾಳೆ. ಇನ್ನೊಬ್ಬಳು ಚಪ್ಪಲಿ ಬಿಚ್ಚಿ ಕಾಲು ತಿಕ್ಕಿಕೊಳ್ಳುತ್ತಿರುತ್ತಾಳೆ, ಸಂಜೆಗೆ ಪಾದ ಬಾತು ಚಪ್ಪಲಿಯ ಪಟ್ಟಿ ಒತ್ತುತ್ತದೆ. ನೋವಿಗಿಂತ ಜಾಸ್ತಿ ನನ್ನನ್ನು ಕಾಡುವುದು ಇನ್ನೊಂದು. ಅವರ ಮಾತು ನಿಂತುಹೋಗಿದೆ. ಮೊದಲೆಲ್ಲ ಗಿರಾಕಿ ಬಂದರೆ "ಮಗಳ ಮದುವೆ ಆಯಿತಾ? ತೋಟಕ್ಕೆ ಔಷಧಿ ಬಿಟ್ಟಿರಾ?" ಅಂತ ವಿಚಾರಿಸುತ್ತಿದ್ದರು. ಒಡವೆ ಅಡ ಇಡಲು ಬರುವವರು ಸಂತೋಷದಲ್ಲಿ ಬರುವುದಿಲ್ಲ, ಅವರಿಗೆ ಆ ಎರಡು ಮಾತು ಬೇಕು. ಈಗ "ಆಧಾರ್ ಕೊಡಿ, ಇಲ್ಲಿ ಸಹಿ" ಅಷ್ಟೇ. ಯಾರೂ ಕೆಟ್ಟವರಾಗಿಲ್ಲ. ಬತ್ತಿಹೋಗಿದ್ದಾರೆ.

ಏಳಲು ಏನು ಅಡ್ಡಿ ಅಂತ ಕೇಳಬಹುದು. ತಲೆಯ ಮೇಲೆ ಕ್ಯಾಮೆರಾ ಇದೆ. ಚಿನ್ನ ಇರುವ ಜಾಗ, ಕ್ಯಾಮೆರಾ ಬೇಕೇಬೇಕು, ಅದನ್ನು ತಪ್ಪು ಅನ್ನುವುದಿಲ್ಲ. ಆದರೆ ಕುರ್ಚಿ ಸ್ವಲ್ಪ ಹೊತ್ತು ಖಾಲಿ ಕಂಡರೆ ಮೇಲಿನ ಆಫೀಸಿನಿಂದ ಫೋನ್ ಬರುತ್ತದೆ, "ಮೂರನೇ ಕೌಂಟರಿನವರು ಎಲ್ಲಿ?" ಎಂದು. ಹಾಗಾಗಿ ನೀರು ಕುಡಿಯಲೂ ಏಳುವುದಿಲ್ಲ. ನೀರು ಕುಡಿದರೆ ಬಾತ್‌ರೂಮಿಗೆ ಏಳಬೇಕಲ್ಲ, ಅದಕ್ಕೆ ಕುಡಿಯುವುದೇ ಇಲ್ಲ.

ಈಗ ಸ್ವಲ್ಪ ದುಡ್ಡು ಮಂಜೂರಾಗಿದೆ. ಮ್ಯಾನೇಜರ್ ಸರ್ ಒಳ್ಳೆಯ ಕುರ್ಚಿ ತೆಗೆದುಕೊಳ್ಳಿ ಅನ್ನುತ್ತಾರೆ. ಬೆಂಗಳೂರಿನಲ್ಲಿರುವ ನನ್ನ ತಮ್ಮ, ಏರಿಸಿ ಇಳಿಸುವ ಮೇಜು ತೆಗೆದುಕೋ, ನಿಂತು ಕೆಲಸ ಮಾಡಲಿ ಅನ್ನುತ್ತಾನೆ. ಯಾವುದು ಸರಿ? ಇಡೀ ದಿನ ಕೂರುವುದಕ್ಕೂ ಕೆಲಸದಲ್ಲಿ ಮನಸ್ಸು ಇಲ್ಲದಾಗುವುದಕ್ಕೂ ನಿಜವಾಗಿ ಸಂಬಂಧ ಇದೆಯಾ? ತಿಳಿದವರು ಹೇಳಿ. ಈ ಮಕ್ಕಳು ಹೀಗೆ ಸೊರಗುವುದನ್ನು ಸುಮ್ನೆ ನೋಡಿಕೊಂಡು ಕೂರಲು ನನ್ನಿಂದ ಆಗುವುದಿಲ್ಲ.

ಕುಂಬಳೆ ಫಿಸಿಯೊ:

ಅಕ್ಕಾ, ಒಳ್ಳೆಯ ಪ್ರಶ್ನೆ ಕೇಳಿದ್ದೀರಿ. ನಾನು ಫಿಸಿಯೊಥೆರಪಿ ಮಾಡುವವನು. ಕೌಂಟರ್, ಕಂಪ್ಯೂಟರ್, ಹೊಲಿಗೆ ಮೆಷಿನ್ ಮುಂದೆ ಕೂರುವವರೇ ನನ್ನ ಹತ್ತಿರ ಜಾಸ್ತಿ ಬರುವುದು.

ಮೊದಲು ಕಾಲು ಬಾತುಕೊಳ್ಳುವ ವಿಷಯ. ಮೀನಖಂಡದ ಸ್ನಾಯು ಹಿಂಡಿದಾಗ ಕಾಲಿನ ರಕ್ತ ಮೇಲಕ್ಕೆ ಹೋಗುತ್ತದೆ. ನಡೆದರೆ ಅದು ತಾನಾಗಿ ಆಗುತ್ತದೆ. ಕಾಲು ಅಲುಗಾಡದಿದ್ದರೆ ನೀರು ಪಾದದಲ್ಲೇ ನಿಲ್ಲುತ್ತದೆ. ಬೆನ್ನುಮೂಳೆಗಳ ನಡುವಿನ ಮೆತ್ತೆಗಳಿಗೂ, ಅಂದರೆ ಡಿಸ್ಕ್‌ಗಳಿಗೂ ಹಾಗೆಯೇ, ದೊಡ್ಡವರಲ್ಲಿ ಅವಕ್ಕೆ ನೇರವಾದ ರಕ್ತನಾಳ ಇರುವುದಿಲ್ಲ. ಅವಕ್ಕೆ ಪೋಷಣೆ ಸಿಗಬೇಕಾದರೆ ಮೈಯ ಭಂಗಿ ಬದಲಾಗುತ್ತಾ ಇರಬೇಕು. ಹಾಗಾಗಿ ಎಷ್ಟು ದುಬಾರಿ ಕುರ್ಚಿ ತಂದರೂ ಅದರಲ್ಲಿ ಅಲ್ಲಾಡದೆ ಕೂತರೆ ಪ್ರಯೋಜನ ಕಡಿಮೆ.

ಕೂತು ಮಾಡುವ ಕೆಲಸ ಹೃದಯಕ್ಕೆ ಒಳ್ಳೆಯದಲ್ಲ ಅನ್ನುವುದು ಹಳೆಯ ವಿಚಾರ. ಜೆರ್ರಿ ಮಾರಿಸ್ ಎಂಬ ವೈದ್ಯರು 1953ರಲ್ಲಿ ಲಂಡನ್ನಿನ ಬಸ್ಸಿನವರನ್ನು ನೋಡಿ ಬರೆದಿದ್ದರು. ಡಬ್ಬಲ್ ಡೆಕ್ಕರ್ ಬಸ್ಸಿನಲ್ಲಿ ದಿನವಿಡೀ ಮೇಲೆ ಕೆಳಗೆ ಹತ್ತಿ ಇಳಿಯುವ ಕಂಡಕ್ಟರ್‌ಗಳಿಗಿಂತ, ಕೂತೇ ಇರುವ ಡ್ರೈವರ್‌ಗಳಿಗೆ ಹೃದಯದ ಕಾಯಿಲೆ ಜಾಸ್ತಿ ಇತ್ತು.

ಮನಸ್ಸಿಗೂ ಇದಕ್ಕೂ ಸಂಬಂಧ ಇದೆಯಾ ಅಂದರಲ್ಲ, ಇದೆ. ಇಂಗ್ಲೆಂಡಿನ ಲೆಸ್ಟರ್‌ನಲ್ಲಿ ಸರ್ಕಾರಿ ಆಸ್ಪತ್ರೆಗಳ ಆಫೀಸು ಕೆಲಸದವರು 146 ಜನರ ಮೇಲೆ ಒಂದು ಪ್ರಯೋಗ ಮಾಡಿದ್ದರು, 2018ರಲ್ಲಿ ಅದು ಪ್ರಕಟವಾಯಿತು. ಒಂದು ಗುಂಪಿಗೆ ಏರಿಸಿ ಇಳಿಸುವ ಮೇಜು ಕೊಟ್ಟರು, ಇನ್ನೊಂದು ಗುಂಪು ಮೊದಲಿನ ಹಾಗೆಯೇ ಕೆಲಸ ಮಾಡಿತು. ಒಂದು ವರ್ಷ ಆದ ಮೇಲೆ ಮೇಜಿನ ಗುಂಪಿನವರು ಕೂರುವ ಹೊತ್ತು ಇನ್ನೊಂದು ಗುಂಪಿಗಿಂತ ದಿನಕ್ಕೆ ಸುಮಾರು 80 ನಿಮಿಷ ಕಡಿಮೆ ಇತ್ತು. ಕೆಲಸದ ಸುಸ್ತು ಕಡಿಮೆ ಆಗಿತ್ತು, ಕೆಲಸದಲ್ಲಿ ಆಸಕ್ತಿ ಏರಿತ್ತು. ಆದರೆ ಕಾಯಿಲೆ ರಜೆ ಹೇಳಿಕೊಳ್ಳುವಷ್ಟು ಇಳಿಯಲಿಲ್ಲ. ಇದನ್ನೂ ನಿಮ್ಮ ಮ್ಯಾನೇಜರಿಗೆ ಹೇಳಿ. ರಜೆ ಉಳಿಯುತ್ತದೆ ಅಂತ ಆಸೆ ತೋರಿಸಿ ಮೇಜು ಕೊಡಿಸಬೇಡಿ.

ಅಲ್ಲಿ ಬರೀ ಮೇಜು ಕೊಟ್ಟು ಬಿಟ್ಟುಬಿಡಲಿಲ್ಲ. ಯಾಕೆ ಏಳಬೇಕು ಅಂತ ಕೂರಿಸಿ ಹೇಳಿದರು, ಪೋಸ್ಟರ್ ಹಾಕಿದರು, ಪ್ರತಿಯೊಬ್ಬರೂ ತಮ್ಮ ಗುರಿ ತಾವೇ ಇಟ್ಟುಕೊಂಡರು, ಆಗಾಗ ಬಂದು ವಿಚಾರಿಸುವವರು ಇದ್ದರು. ಏಳುವುದಕ್ಕೆ ಮೇಲಿನವರ ಒಪ್ಪಿಗೆ ಇದೆ ಅಂತ ಎಲ್ಲರಿಗೂ ಗೊತ್ತಿತ್ತು. ನಿಮ್ಮಲ್ಲಿ ಇಲ್ಲದಿರುವುದು ಅದೇ ಅಂತ ನನಗೆ ಅನ್ನಿಸುತ್ತದೆ.

ಖರ್ಚಿಲ್ಲದ ಒಂದು ದಾರಿ: ಅರ್ಧ ಗಂಟೆಗೊಮ್ಮೆ ಐದು ನಿಮಿಷ ನಡೆಯುವುದು. ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದವರು 2023ರಲ್ಲಿ ಇದನ್ನು ಪರೀಕ್ಷಿಸಿದ್ದಾರೆ. ಬರೀ 11 ಜನರ ಮೇಲೆ ಮಾಡಿದ್ದು, ಚಿಕ್ಕ ಪ್ರಯೋಗ. ಇಡೀ ದಿನ ಕೂತಿದ್ದಾಗ ಊಟದ ನಂತರ ಏರುವ ಸಕ್ಕರೆಗೆ ಹೋಲಿಸಿದರೆ, ಹೀಗೆ ನಡೆದಾಗ ಆ ಏರಿಕೆ ಸುಮಾರು 58 ಶೇಕಡಾ ಇಳಿಯಿತು. ಬಿಪಿ ಕೂಡ ಸ್ವಲ್ಪ ಇಳಿಯಿತು, ಸುಸ್ತು ಕಡಿಮೆ ಆಯಿತು, ಮನಸ್ಸು ಹಗುರ ಆಯಿತು. ಮಧ್ಯಾಹ್ನ ಕುಚ್ಚಲಕ್ಕಿ ಅನ್ನ ಉಂಡು ಬಂದು ಕೂರುವ ನಮ್ಮವರಿಗೆ ಇದು ಬಹಳ ಮುಖ್ಯ.

ಪೆರ್ಲದಿಂದ:

ಫಿಸಿಯೊ ಹೇಳಿದ್ದು ಸರಿ ಇರಬಹುದು. ಆದರೆ ಕೆಲಸ ಅಂದ ಮೇಲೆ ಕೂರಲೇಬೇಕು. ನಾನೂ ಲೆಕ್ಕ ಬರೆಯುವವನು. ಸಂಜೆ ಒಂದು ಗಂಟೆ ನಡೆಯುತ್ತೇನೆ, ಏನೂ ತೊಂದರೆ ಇಲ್ಲ. ಅವರಿಗೂ ನಡೆಯಲು ಹೇಳಿ. ಕೆಲಸದಲ್ಲಿ ಉತ್ಸಾಹ ಬೇಕಾದರೆ ಸಂಬಳ ಜಾಸ್ತಿ ಮಾಡಲಿ.

ಕುಂಬಳೆ ಫಿಸಿಯೊ:

ಅಣ್ಣಾ, ನಡೆಯುವುದು ಬಿಡಬೇಡಿ, ನಿಮ್ಮ ಮಾತಿಗೆ ಆಧಾರ ಇದೆ. 2016ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಜನರ ಲೆಕ್ಕ ಒಟ್ಟು ಮಾಡಿ ನೋಡಿದ್ದರು. ದಿನಕ್ಕೆ 60ರಿಂದ 75 ನಿಮಿಷ ಚುರುಕಾಗಿ ನಡೆಯುವಷ್ಟು ಶ್ರಮ ಇದ್ದವರಲ್ಲಿ, ಎಂಟು ಗಂಟೆಗಿಂತ ಜಾಸ್ತಿ ಕೂರುವುದರಿಂದ ಬರುವ ಸಾವಿನ ಅಪಾಯ ಹೆಚ್ಚಾಗಿ ಕಾಣಲಿಲ್ಲ. ಆದರೆ ಆ ಹೆಂಗಸರು ಆರು ಗಂಟೆಗೆ ಬಸ್ಸು ಹಿಡಿದು ಮನೆಗೆ ಹೋಗಿ ಒಲೆ ಮುಂದೆ ನಿಲ್ಲುವವರು. ಒಂದು ಗಂಟೆ ನಡೆಯಲು ಅವರಿಗೆ ಎಲ್ಲಿ ಸಿಗಬೇಕು? ಅವರಿಗೆ ಸಿಗುವುದು ಕೆಲಸದ ಹೊತ್ತು ಮಾತ್ರ.

ಸೀರೆ ಅಂಗಡಿಯವಳು:

ಅಕ್ಕಾ, ನಿಮ್ಮ ತಮ್ಮ ಹೇಳಿದ ಹಾಗೆ ಎಲ್ಲರನ್ನೂ ನಿಲ್ಲಿಸಬೇಡಿ. ದಯವಿಟ್ಟು. ನಿಲ್ಲುವುದು ಅಂದರೆ ಏನು ಅಂತ ನನಗೆ ಗೊತ್ತು.

ನಾನು ಹಲವು ವರ್ಷ ಒಂದು ಬಟ್ಟೆ ಅಂಗಡಿಯಲ್ಲಿ ಸೇಲ್ಸಿಗೆ ಇದ್ದೆ. ಗಿರಾಕಿ ಇರಲಿ, ಇಲ್ಲದಿರಲಿ, ಕೂರುವಂತಿಲ್ಲ. ಓಣಂ, ಪೆರ್ನಾಳ್ (ಈದ್), ಮದುವೆ ಸೀಸನ್ ಬಂದರೆ ಬೆಳಿಗ್ಗೆಯಿಂದ ರಾತ್ರಿ ತನಕ ನಿಂತೇ. ಮಧ್ಯಾಹ್ನ ಅಂಗಡಿ ಖಾಲಿ ಇದ್ದಾಗ ಕಪಾಟಿಗೆ ಒರಗಿದರೂ ಬೈಗುಳ. ಕಾಲಿನಲ್ಲಿ ನರ ಗಂಟು ಕಟ್ಟಿ ನೀಲಿ ಆಗಿದೆ, ಈಗಲೂ ಇದೆ. ನಿಮ್ಮ ಹುಡುಗಿಯರು ನೀರು ಕುಡಿಯುವುದಿಲ್ಲ ಅಂದಿರಲ್ಲ, ಅದನ್ನು ಓದಿ ಎದೆ ಹಿಂಡಿತು. ನಾವೂ ಹಾಗೆಯೇ ಇದ್ದೆವು.

ಕೋಝಿಕೋಡಿನ ಮಿಠಾಯಿ ತೆರುವು ಎಂಬ ಪೇಟೆ ಬೀದಿಯ ಅಂಗಡಿಗಳಲ್ಲಿ ಕೆಲಸ ಮಾಡುವ ಹೆಂಗಸರು ಇದೇ ಕಷ್ಟಕ್ಕೆ ಎದ್ದು ನಿಂತವರು. ವಿಜಿ ಎಂಬವರ ಮುಂದಾಳತ್ವದಲ್ಲಿ ಪೆಣ್‌ಕೂಟ್ಟ್ ಅನ್ನುವ ಸಂಘಟನೆ ಕಟ್ಟಿದರು. ಮೊದಲು ಅವರು ಹೋರಾಡಿದ್ದು ಶೌಚಾಲಯಕ್ಕೆ, ಆಮೇಲೆ ಕೂರುವ ಹಕ್ಕಿಗೆ. ಕಡೆಗೆ 2018ರಲ್ಲಿ ಕೇರಳ ಸರ್ಕಾರ 1960ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಗೆ ತಿದ್ದುಪಡಿ ತಂದಿತು. ಕೆಲಸದವರಿಗೆ ಕೂರಲು ತಕ್ಕ ವ್ಯವಸ್ಥೆ ಇರಬೇಕು, ಕೆಲಸದ ನಡುವೆ ಅವಕಾಶ ಸಿಕ್ಕಾಗ ಅವರು ಕೂರಬಹುದು ಅಂತ ಅದರಲ್ಲಿದೆ. 2021ರಲ್ಲಿ ತಮಿಳುನಾಡು ಕೂಡ ಅಂಥದ್ದೇ ಕಾನೂನು ಮಾಡಿತು. ಇದು ನಮಗೆ ಯಾರೋ ದಯಪಾಲಿಸಿದ್ದಲ್ಲ, ನಮ್ಮ ಹಾಗೆ ಸೀರೆ ಮಡಚುವ ಹೆಂಗಸರು ಪಡೆದದ್ದು. ಈ ಮಾತು ಹೇಳುವಾಗ ನನಗೆ ತುಂಬ ಹೆಮ್ಮೆ ಆಗುತ್ತದೆ.

ಕಾನೂನು ಬಂದ ಮೇಲೆ ನಮ್ಮ ಅಂಗಡಿಯಲ್ಲೂ ಸ್ಟೂಲ್ ಇಟ್ಟರು. ಮೊದಮೊದಲು ಯಾರೂ ಕೂರಲಿಲ್ಲ. ಸ್ಟೂಲ್ ಇತ್ತು, ಕೂತರೆ ಮುಖ ಗಂಟಿಕ್ಕುವ ಮೇಲ್ವಿಚಾರಕರೂ ಇದ್ದರು. ಅವರು ಬದಲಾಗಿ ಬೇರೆಯವರು ಬಂದ ಮೇಲೆ ಅಂಗಡಿಯೇ ಬೇರೆ ಆಯಿತು. ಅವರು ದಿನಾ ಮಧ್ಯಾಹ್ನ ತಾವೇ ಬಂದು ನಮ್ಮ ಜೊತೆ ಸ್ಟೂಲಿನಲ್ಲಿ ಕೂರುತ್ತಿದ್ದರು. ಆಮೇಲೆ ಗಿರಾಕಿ ಬಂದರೆ ನಾವು ಮನಸ್ಸಿಟ್ಟು ಏಳುತ್ತಿದ್ದೆವು. ಹತ್ತು ಸೀರೆ ಕೇಳಿದರೆ ಇಪ್ಪತ್ತು ಬಿಡಿಸಿ ತೋರಿಸುತ್ತಿದ್ದೆವು. ಯಾರೂ ಹೇಳಬೇಕಾಗಿರಲಿಲ್ಲ.

ನಿಮ್ಮವರಿಗೆ ಏಳಲು ಬಿಡುವುದಿಲ್ಲ, ನಮಗೆ ಕೂರಲು ಬಿಡುತ್ತಿರಲಿಲ್ಲ. ಎರಡೂ ಒಂದೇ ಕಷ್ಟ ಅಂತ ನನಗೆ ಕಾಣುತ್ತದೆ.

ಕುಂಬಳೆ ಫಿಸಿಯೊ:

ಅಕ್ಕ ಹೇಳಿದ್ದಕ್ಕೆ ಒಂದು ಸಾಲು ಸೇರಿಸುತ್ತೇನೆ. ಕೆನಡಾದ ಒಂಟಾರಿಯೋದಲ್ಲಿ ಏಳು ಸಾವಿರಕ್ಕೂ ಹೆಚ್ಚು ಕೆಲಸಗಾರರನ್ನು ಸುಮಾರು 12 ವರ್ಷ ಗಮನಿಸಿದ್ದರು. ಹೆಚ್ಚಾಗಿ ನಿಂತೇ ಕೆಲಸ ಮಾಡುವವರಿಗೆ ಹೃದಯದ ಕಾಯಿಲೆ ಬರುವ ಅಪಾಯ, ಹೆಚ್ಚಾಗಿ ಕೂತು ಕೆಲಸ ಮಾಡುವವರಿಗಿಂತ ಸುಮಾರು ಎರಡು ಪಟ್ಟು ಇತ್ತು. ಆದ್ದರಿಂದ ಕುರ್ಚಿ ತೆಗೆದು ನಿಲ್ಲಿಸುವುದು ಔಷಧಿ ಅಲ್ಲವೇ ಅಲ್ಲ.

ಮಂಜೇಶ್ವರದ ಬೀಡಿ ಮನೆ:

ನಾನು ಬೀಡಿ ಕಟ್ಟುವವರ ಮನೆಯಲ್ಲಿ ಬೆಳೆದವನು. ಅಜ್ಜಿ, ಅಮ್ಮ, ಚಿಕ್ಕಮ್ಮ ಎಲ್ಲರೂ ತೊಡೆಯ ಮೇಲೆ ತಡ್ಪೆ (ಮೊರ) ಇಟ್ಟುಕೊಂಡು ಜಗಲಿಯಲ್ಲಿ ಕೂತರೆ ಗಂಟೆಗಟ್ಟಲೆ ಏಳುತ್ತಿರಲಿಲ್ಲ. ಎಲೆ ಕತ್ತರಿಸುವುದು, ಹೊಗೆಸೊಪ್ಪು ತುಂಬಿ ಸುರುಳಿ ಸುತ್ತುವುದು, ನೂಲು ಕಟ್ಟುವುದು. ಸಂಜೆ ಬೀಡಿ ಕಂಪೆನಿಯ ಬ್ರಾಂಚಿಗೆ ಕೊಂಡುಹೋದರೆ ಅಲ್ಲಿ ಸರಿ ಇಲ್ಲದ್ದನ್ನು ತೆಗೆದು ಹಾಕುತ್ತಿದ್ದರು. ಅಮ್ಮನ ಬೆನ್ನು ಈಗ ನೆಟ್ಟಗಾಗುವುದಿಲ್ಲ. ಹಾಗಾಗಿ ಕೂತು ಮಾಡುವ ಕೆಲಸ ಸುಲಭ ಅಂತ ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ.

ಆದರೂ ಕಣ್ಣೂರಿನ ಕಡೆ ಬೀಡಿ ಕಂಪೆನಿಗಳಲ್ಲಿ ಇದ್ದ ಒಂದು ಪದ್ಧತಿ ಹೇಳಬೇಕು. ಅಲ್ಲಿ ಕೆಲಸದವರು ಒಂದೇ ಕೋಣೆಯಲ್ಲಿ ಸಾಲಾಗಿ ಕೂತು ಬೀಡಿ ಕಟ್ಟುತ್ತಿದ್ದರು. ಒಬ್ಬ ಎದ್ದು ಎಲ್ಲರಿಗೂ ಕೇಳುವ ಹಾಗೆ ಪತ್ರಿಕೆ ಓದುತ್ತಿದ್ದ. ಕಾದಂಬರಿಯನ್ನೂ ಓದುತ್ತಿದ್ದರು. ಓದುವವನ ಕೂಲಿ ನಷ್ಟ ಆಗಬಾರದು ಅಂತ ಉಳಿದವರು ಅವನ ಪಾಲಿನ ಬೀಡಿಯನ್ನೂ ಕಟ್ಟಿಕೊಡುತ್ತಿದ್ದರು. ಓದಿದ್ದರ ಬಗ್ಗೆ ಚರ್ಚೆ, ಜಗಳ, ನಗು ಎಲ್ಲ ಇತ್ತು. 1966ರ ಬೀಡಿ ಕೆಲಸಗಾರರ ಕಾನೂನು ಬಂದಾಗ ಖಾಸಗಿ ಕಂಪೆನಿಗಳು ಅಲ್ಲಿಂದ ಕೆಲಸ ಎತ್ತಿಕೊಂಡು ಹೋದವು. ಕೆಲಸ ಕಳೆದುಕೊಂಡವರು ಸೇರಿ 1969ರಲ್ಲಿ ದಿನೇಶ್ ಬೀಡಿ ಸಹಕಾರ ಸಂಘ ಶುರು ಮಾಡಿದರು. ಅಲ್ಲೂ ಓದು ಮುಂದುವರಿಯಿತು.

ಅಲ್ಲಿಯವರೂ ನಮ್ಮ ಅಮ್ಮನೂ ಕಟ್ಟುತ್ತಿದ್ದದ್ದು ಬೀಡಿಯೇ, ಕೂರುತ್ತಿದ್ದದ್ದೂ ಹಾಗೆಯೇ. ಆದರೆ ಅಮ್ಮ ಒಬ್ಬಳೇ ಕೂತಿರುತ್ತಿದ್ದಳು, ಬ್ರಾಂಚಿನ ಹೆದರಿಕೆಯಲ್ಲಿ. ಅಲ್ಲಿ ಯಾರು ಓದಬೇಕು, ಏನು ಓದಬೇಕು ಅಂತ ಅವರೇ ತೀರ್ಮಾನ ಮಾಡುತ್ತಿದ್ದರು. ಕೂತ ಕೆಲಸದಲ್ಲೂ ಮನಸ್ಸು ಅರಳಿತ್ತು.

ನಿಮ್ಮ ಕೌಂಟರಿನಲ್ಲಿ ಪತ್ರಿಕೆ ಓದಿಸಿ ಅಂತ ಅಲ್ಲ ಅಕ್ಕಾ, ಚಿನ್ನ ತೂಗುವಾಗ ಅದು ಆಗದು. ಆದರೆ ಅವರನ್ನು ಒಮ್ಮೆ ಕೂರಿಸಿ ಕೇಳಿ, ಏನು ಬೇಕು ಅಂತ. ಇಷ್ಟು ಜನ ಮಾತಾಡಿದೆವು. ಆ ಆರು ಜನರ ಮಾತು ಮಾತ್ರ ಇಲ್ಲಿ ಇನ್ನೂ ಬಂದಿಲ್ಲ.

ಬದಿಯಡ್ಕದವಳು:

ಎಲ್ಲರಿಗೂ ಮನಸಾರೆ ಧನ್ಯವಾದ. ಮಂಜೇಶ್ವರದ ಅಣ್ಣನ ಮಾತು ಓದಿ ಮರುದಿನವೇ ಊಟದ ಹೊತ್ತಿನಲ್ಲಿ ಎಲ್ಲರನ್ನೂ ಕೇಳಿದೆ. ಒಬ್ಬರೂ ಏರಿಸಿ ಇಳಿಸುವ ಮೇಜು ಕೇಳಲಿಲ್ಲ. ದುಬಾರಿ ಕುರ್ಚಿಯನ್ನೂ ಕೇಳಲಿಲ್ಲ.

ಕೇಳಿದ್ದು ಏನು ಗೊತ್ತಾ? ಪ್ರಿಂಟರ್ ದೂರ ಇಡಿ ಅಂದರು! ಪ್ರತಿಯೊಬ್ಬರಿಗೆ ಒಂದೊಂದರ ಬದಲು ಒಳಗಿನ ಗೋಡೆ ಹತ್ತಿರ ಎರಡು ಇದ್ದರೆ ಸಾಕಂತೆ. ವೋಚರ್ ತರಲು ಏಳುವಾಗ ಯಾರೂ ಯಾಕೆ ಎದ್ದೆ ಅಂತ ಕೇಳುವುದಿಲ್ಲ, ಅದು ಕೆಲಸವೇ ಅಲ್ವಾ ಅಂದಳು ನೀರ್ಚಾಲಿನ ಹುಡುಗಿ. ಎರಡನೆಯದು, ದಿನವಿಡೀ ಒಬ್ಬರೇ ತೂಕ, ಒಬ್ಬರೇ ಟೈಪಿಂಗ್ ಬೇಡ, ಊಟದ ನಂತರ ಜಾಗ ಬದಲಿಸಿಕೊಳ್ಳುತ್ತೇವೆ ಅಂದರು. ಒರೆಗಲ್ಲಿನ ಕೆಲಸ ಮಾತ್ರ ಕಲಿತವರೇ ಮಾಡಬೇಕು, ಅದು ಅವರಿಗೂ ಗೊತ್ತು. ಮೂರನೆಯದು ಮೇಲಿನ ಆಫೀಸಿನ ಫೋನ್. ಅದು ನಿಮಗೆ ಬರಲಿ, ಉತ್ತರ ನೀವು ಕೊಡಿ ಅಂದರು.

ಮ್ಯಾನೇಜರ್ ಸರ್ ಜೊತೆ ಮಾತಾಡಿದೆ. ಲೆಸ್ಟರಿನ ವಿಷಯವನ್ನೂ, ರಜೆ ಇಳಿಯಲಿಲ್ಲ ಅನ್ನುವುದನ್ನೂ ಮುಚ್ಚಿಡದೆ ಹೇಳಿದೆ. ಪ್ರಿಂಟರ್‌ಗೆ ಕೂಡಲೇ ಒಪ್ಪಿದರು, ದುಡ್ಡು ಉಳಿಯುತ್ತದಲ್ಲ. ಜಾಗ ಬದಲಿಸುವುದನ್ನು ಒಂದು ತಿಂಗಳು ನೋಡೋಣ ಅಂದರು. ಫೋನಿನ ವಿಷಯಕ್ಕೆ ಇನ್ನೂ ಒಪ್ಪಿಲ್ಲ. ಅದನ್ನು ನಾನು ಬಿಡುವುದಿಲ್ಲ. ನನಗೆ ಅದೇ ಎಲ್ಲಕ್ಕಿಂತ ದೊಡ್ಡದು. ಐದು ನಿಮಿಷ ಎದ್ದು ಹೋದವಳನ್ನು ಕಳ್ಳಿಯ ಹಾಗೆ ಹುಡುಕಿದರೆ ಅವಳು ಗಿರಾಕಿಯ ಮುಂದೆ ನಗುವುದಾದರೂ ಹೇಗೆ?

ಸೀರೆ ಅಂಗಡಿಯ ಅಕ್ಕಾ, ನಿಮ್ಮ ಮಾತು ಓದುವಾಗ ನಮ್ಮ ಬಾಗಿಲಲ್ಲಿ ನಿಲ್ಲುವ ಕಾವಲಿನವರು ನೆನಪಾದರು. ವಯಸ್ಸಾದವರು, ಬಿಸಿಲಿನಲ್ಲಿ ನಿಂತೇ ಇರುತ್ತಾರೆ. ಮಂಜೂರಾದ ದುಡ್ಡಿನಲ್ಲಿ ಮೊದಲ ಕುರ್ಚಿ ಅವರಿಗೇ ತರಿಸುತ್ತಿದ್ದೇನೆ.

ಫಿಸಿಯೊ ಅವರಿಗೆ ಇನ್ನೊಂದು ಪ್ರಶ್ನೆ. ನಮ್ಮ ಕೌಂಟರ್ ಎತ್ತರ. ಕುರ್ಚಿ ಏರಿಸಿದರೆ ಗಿಡ್ಡ ಇರುವ ಇಬ್ಬರ ಕಾಲು ನೆಲಕ್ಕೆ ತಾಗುವುದಿಲ್ಲ, ನೇತಾಡುತ್ತದೆ. ಬಡಗಿಯ ಹತ್ತಿರ ಕಾಲು ಇಡಲು ಮಣೆ ಮಾಡಿಸಬಹುದಾ? ಎಷ್ಟು ಎತ್ತರ ಹೇಳಬೇಕು?

ಕುಂಬಳೆ ಫಿಸಿಯೊ:

ಖಂಡಿತ ಮಾಡಿಸಿ. ಕಾಲು ನೇತಾಡಿದರೆ ತೊಡೆಯ ಹಿಂಭಾಗ ಒತ್ತಿ ಪಾದ ಇನ್ನೂ ಬಾಯುತ್ತದೆ. ಇಬ್ಬರಿಗೂ ಬೇರೆ ಬೇರೆ ಅಳತೆ ತೆಗೆಯಿರಿ, ಒಂದೇ ಎತ್ತರ ಬೇಡ. ಮೊದಲು ಕುರ್ಚಿಯನ್ನು, ಭುಜ ಸಡಿಲ ಬಿಟ್ಟಾಗ ಮೊಣಕೈ ಕೀಬೋರ್ಡಿನ ಮಟ್ಟಕ್ಕೆ ಬರುವಷ್ಟು ಏರಿಸಿ. ಬೆನ್ನನ್ನು ಹಿಂದಕ್ಕೆ ಒರಗಿಸಿ ಕೂರಲಿ. ಮೊಣಕಾಲು ಮಡಚಿ ಪಾದ ಸಮ ಇಟ್ಟಾಗ ಅಂಗಾಲಿನಿಂದ ನೆಲಕ್ಕೆ ಎಷ್ಟು ಅಂತರ ಇದೆ ನೋಡಿ, ಅದೇ ಮಣೆಯ ಎತ್ತರ. ಅಗಲ ಎರಡೂ ಪಾದ ಇಟ್ಟು ಸ್ವಲ್ಪ ಆಚೀಚೆ ಸರಿಸುವಷ್ಟು ಇರಲಿ. ಕೆಳಗೆ ರಬ್ಬರ್ ಹಾಕಿಸಿ, ಟೈಲ್ಸ್ ಮೇಲೆ ಜಾರುತ್ತದೆ. ಚಪ್ಪಲಿ ಬಿಚ್ಚಿ ಕೂರುವವರಾದರೆ ಚಪ್ಪಲಿ ಇಲ್ಲದೆಯೇ ಅಳೆಯಿರಿ.